ಹಳೇ ಕಾರಿಗೆ ಹೊಸ ಸೀರೆ ಉಡಿಸುವ ಮುನ್ನ



ಗಂಡಸರ ಹವ್ಯಾಸಕ್ಕೆಂದು ಮನೆಯ ದುಡ್ಡು ಹೊರಟರೆ ನಾವು ಹೆಂಗಸರು ಒಂದೋ ಬಾಯಿ ಮಾಡುತ್ತೇವೆ, ಇಲ್ಲವೇ "ಏನಾರ ಮಾಡಿಕೊಳ್ಳಲಿ" ಎಂದು ಸುಮ್ಮನಾಗುತ್ತೇವೆ. ಮೂರನೆಯ ದಾರಿಯೂ ಒಂದಿದೆ. ಜೊತೆಗೆ ಹೋಗಿ, ಕಣ್ಣಾರೆ ನೋಡಿ, ಆಮೇಲೆ ಮಾತಾಡುವುದು. ಈ ಸಲ ಅದನ್ನೇ ಹೇಳುತ್ತೇನೆ.

ಮಾನ್ವಿಯಲ್ಲಿ ನನ್ನ ಮೈದುನನ ಮನೆಯ ಶೆಡ್ಡಿನಲ್ಲಿ, ಭತ್ತದ ಚೀಲಗಳ ಹಿಂದೆ, ಒಂದು ಎಂ.ಜಿ. ಕಾರು ನಿಂತಿದೆ. ಇಬ್ಬರೇ ಕೂಡಬಹುದಾದ ಸ್ಪೋರ್ಟ್ಸ್ ಕಾರು. ಮೇಲೆ ಮಡಚುವ ಬಟ್ಟೆಯ ಹೊದಿಕೆ. ಟಿ.ಸಿ. ಎಂಬ ಈ ಮಾದರಿಯನ್ನು ಇಂಗ್ಲೆಂಡಿನಲ್ಲಿ 1945ರಿಂದ 1949ರವರೆಗೆ ಮಾತ್ರ ಮಾಡಿದರು, ಸುಮಾರು 10,000 ಕಾರು. ಇಂಜಿನು 1250 ಸಿ.ಸಿ.; ತಗಡಿನ ಒಳಗೆ ಮರದ ಚೌಕಟ್ಟು. ನಮ್ಮ ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತಷ್ಟೆ. ಆ ದಿನಗಳಲ್ಲಿ ಮಾವನವರ ತಂದೆ ಹೈದರಾಬಾದಿನಿಂದ ಕೊಂಡು ತಂದದ್ದಂತೆ.

ಹೋದ ಸುಗ್ಗಿಯಲ್ಲಿ ಭತ್ತಕ್ಕೆ ಒಳ್ಳೆಯ ಧಾರಣಿ ಸಿಕ್ಕಿತು. ಮೈದುನನಿಗೆ ಕಾರಿನ ನೆನಪಾಯಿತು. ಒಬ್ಬ ಮೇಸ್ತ್ರಿ ಬಂದು ನೋಡಿ, "ಹಳೇ ಇಂಜಿನ್ ಕಿತ್ತಿ ಡೀಸೆಲ್ ಇಂಜಿನ್ ಕುಂದ್ರಸೋಣ್ರಿ, ಮಿಣಿಮಿಣಿ ಬಣ್ಣ ಹೊಡಿಯೋಣ್ರಿ, ಹೊಸಾ ಕಾರ್ ಆದಂಗ ಆಗ್ತದ್ರಿ" ಎಂದ. ನನ್ನ ನೆಗೆಣ್ಣಿ ದೇವದುರ್ಗದವಳು, ಲೆಕ್ಕದಲ್ಲಿ ಗಟ್ಟಿ. "ಅಕ್ಕಾ, ಮಗಳ ಕಾಲೇಜ್ ಫೀ ಇದೇ ರೊಕ್ಕದಾಗ ಕಟ್ಟಬೇಕು. ಇಷ್ಟು ಸುರಿದ ಮ್ಯಾಲೆ ಅಜ್ಜಾರ ಕಾರಿನಾಗ ಅಜ್ಜಾರದು ಏನ್ ಉಳೀತದ?" ಎಂದಳು. ಅವಳ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ದುಡ್ಡು ಕೊಡುವ ಮೊದಲು ಹಳೇ ಕಾರುಗಳನ್ನು ನೋಡಿಬರೋಣ ಎಂದು ಎಲ್ಲರೂ ಹೊರಟೆವು.

ರಾಯಚೂರಿನಿಂದ ಹೈದರಾಬಾದ್ ಸುಮಾರು 200 ಕಿ.ಮೀ. ಚಾರ್ಮಿನಾರಿನ ಹತ್ತಿರ ನಿಜಾಮರ ಚೌಮಹಲ್ಲಾ ಅರಮನೆಯಿದೆ. ಅವರ ಕಾರು, ಸಾರೋಟುಗಳನ್ನು ಅಲ್ಲಿ ನೋಡಬಹುದು. ಎಲ್ಲರ ಕಣ್ಣು ಹೋಗುವುದು ಹಳದಿ ಬಣ್ಣದ ರೋಲ್ಸ್ ರಾಯ್ಸ್ ಮೇಲೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಮಾಡಿಸಲು ಹೇಳಿದ್ದ ಕಾರು. 1911ರಲ್ಲಿ ಅವರು ತೀರಿಕೊಂಡರು. ಅದು ಬಂದದ್ದು ಮಗನ ಕಾಲಕ್ಕೆ. ಹಿಂದಿನ ಆಸನ ಸಿಂಹಾಸನದಂತೆ ಎತ್ತರ. ಎಷ್ಟೋ ವರ್ಷ ಧೂಳು ತಿಂದು ನಿಂತಿದ್ದ ಅದನ್ನು ಮತ್ತೆ ಸರಿಪಡಿಸಿ ಇಟ್ಟಿದ್ದಾರೆ. ಆದರೆ ಈ ಕಾಲದ ಕಾರಿನಂತೆ ಕಾಣಿಸಲು ಹೋಗಿಲ್ಲ. ಮೈದುನ ಬಹಳ ಹೊತ್ತು ಅದರ ಮುಂದೆ ನಿಂತು, "ವೈನಿ, ಮೇಸ್ತ್ರಿ ಹೇಳಿದಂಗ ಮಾಡಿದ್ರ ನಮ್ಮದು ಎಂ.ಜಿ. ಆಗಿ ಉಳಿಯಂಗಿಲ್ಲ" ಎಂದ. ನೆಗೆಣ್ಣಿ ಚೀಲದಿಂದ ನೋಟುಬುಕ್ಕು ತೆಗೆದಳು.

ಅವಳು ಬರೆದುಕೊಂಡದ್ದು, ನಾವು ಆಮೇಲೆ ವಿಚಾರಿಸಿ ತಿಳಿದದ್ದು, ಎರಡನ್ನೂ ಸೇರಿಸಿ ಕೊಡುತ್ತೇನೆ:

1. ಕಾನೂನು ಮೊದಲು ತಿಳಿಯಿರಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, 50 ವರ್ಷ ಮೀರಿ ಮೂಲ ರೂಪದಲ್ಲೇ ಇರುವ ವಾಹನ 'ವಿಂಟೇಜ್' ಎನಿಸುತ್ತದೆ. ಚಾಸಿ, ಬಾಡಿ, ಇಂಜಿನು ಮಾರ್ಪಡಿಸಿದರೆ ಆ ಮಾನ ಹೋಗುತ್ತದೆ. ಹೊಸ ನೋಂದಣಿಗೆ 20,000 ರೂ., ಅದು 10 ವರ್ಷಕ್ಕೆ. ಮರುನೋಂದಣಿಗೆ 5,000 ರೂ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿಗೆ ಓಡಿಸಬಹುದು. ದಿನಾ ಸಂತೆಗೆ ಒಯ್ಯುವಂತಿಲ್ಲ. ಆದ್ದರಿಂದ ಟ್ರಂಕಿನಲ್ಲಿರುವ ಹಳೇ ಕಾಗದಪತ್ರ ಎಸೆಯಬೇಡಿ.

2. ಬಿಚ್ಚುವ ಮುಂಚೆ ಪ್ರತಿಯೊಂದರ ಫೋಟೋ ತೆಗೆಯಿರಿ. ನಟ್ಟು ಬೋಲ್ಟುಗಳನ್ನು ಖಾಲಿ ಮಸಾಲೆ ಡಬ್ಬಿಗಳಲ್ಲಿ ಹಾಕಿ, ಯಾವ ಜಾಗದ್ದೆಂದು ಚೀಟಿ ಅಂಟಿಸಿ.

3. ಸೀಟಿನ ಚರ್ಮ ಹರಿದಿದ್ದರೂ ಬಿಸಾಡಬೇಡಿ. ಅದರ ಹೊಲಿಗೆ, ಅಂಚಿನ ಪಟ್ಟಿ, ಬಣ್ಣ ನೋಡಿಯೇ ಹೊಸದನ್ನು ಕತ್ತರಿಸಬೇಕು, ಹಳೇ ಕುಪ್ಪಸ ಅಳತೆಗೆ ಕೊಟ್ಟಂತೆ.

4. ಹೊಳೆಯುವ ಭಾಗಗಳನ್ನು ಹುಣಸೆಹಣ್ಣು, ಬೂದಿಯಿಂದ ತಿಕ್ಕಬೇಡಿ. ಮೇಲಿನ ಲೇಪ ಸವೆಯುತ್ತದೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.

5. ಮರದ ಚೌಕಟ್ಟನ್ನು ಮೊದಲು ಬಡಿಗೇರರಿಗೆ ತೋರಿಸಿ. ಒಳಗೆ ಗೆದ್ದಲು ಹಿಡಿದಿದ್ದರೆ ಮೇಲೆ ಎಂಥ ಬಣ್ಣ ಹೊಡೆದರೂ ದಂಡ. ಆಮೇಲೆ ಬ್ರೇಕು, ವೈರು, ಇಂಜಿನು. ಬಣ್ಣ ಕಟ್ಟಕಡೆಗೆ.

ಈ ಮಾದರಿಗೆ ಬೇಕಾದ ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ಈಗಲೂ ಸಿಗುತ್ತವೆ. ಬೆಲೆ ಹೆಚ್ಚು, ಆದರೆ ಒಂದೊಂದಾಗಿ ತರಿಸಬಹುದು. ಆದ್ದರಿಂದ ಮನೆಯಲ್ಲಿ ಹೀಗೆ ಒಪ್ಪಂದವಾಯಿತು: ಫೀ ಕಟ್ಟಿ ಉಳಿದದ್ದರಲ್ಲಿ ಒಂದು ಪಾಲು ಮಾತ್ರ ಕಾರಿಗೆ, ಒಂದು ಬೆಳೆಗೆ ಒಂದೇ ಕೆಲಸ. ಲೆಕ್ಕದ ಪುಸ್ತಕ ನೆಗೆಣ್ಣಿಯ ಕೈಯಲ್ಲಿ. ಈ ಬೆಳೆಯಲ್ಲಿ ಬಡಿಗೇರರ ಕೆಲಸ ನಡೆದಿದೆ. ಡೀಸೆಲ್ ಇಂಜಿನಿನ ಮಾತು ನಿಂತಿದೆ.

ನೀವೂ ಹೋಗುವುದಾದರೆ, ಚೌಮಹಲ್ಲಾಕ್ಕೆ ಶುಕ್ರವಾರ ರಜೆ. ಮೈಸೂರು ಕಡೆಯವರಿಗೆ ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಸಂಗ್ರಹಾಲಯವಿದೆ, ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೇ ವಾಹನಗಳು 2023ರಿಂದ ಅಲ್ಲಿವೆ. ಮಕ್ಕಳನ್ನೂ ಕರೆದೊಯ್ಯಿರಿ. ನೋಟುಬುಕ್ಕು, ಪೆನ್ನು ಮಾತ್ರ ಮರೆಯಬೇಡಿ.