ಕಡಮೆ ಮಜಲೋ, ಕಡಮೆ ವೆಚ್ಚವೋ?

ರಾಂಪುರದ ಗೃಹಸ್ಥರು ಬಳ್ಳಾರಿಗೆ ಹೊರಡುವಾಗ ನಡುವೆ ಎಷ್ಟು ಊರುಗಳಿವೆಯೆಂದು ಎಣಿಸಿ ದಾರಿಯನ್ನು ನಿಶ್ಚಯಿಸುವುದಿಲ್ಲವಷ್ಟೆ. ಅಡ್ಡದಾರಿಯಲ್ಲಿ ಒಂದೇ ಹಳ್ಳಿ ಸಿಕ್ಕುವುದೆಂದು, ಹಳ್ಳ ತುಂಬಿರುವ ಮಳೆಗಾಲದಲ್ಲಿ ಶೇಂಗಾ ಮೂಟೆಗಳ ಗಾಡಿಯನ್ನು ಕೆಸರಿಗಿಳಿಸುವವನನ್ನು ಯಾರೂ ಜಾಣನೆನ್ನರು. ನಾಲ್ಕು ಊರು ಹೆಚ್ಚಾಗಿ ದಾಟಬೇಕಾದರೂ ಹೆದ್ದಾರಿಯೇ ಲೇಸೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಗಣಕಯಂತ್ರಗಳ ಜಾಲಕ್ಕೆ ಈ ವಿವೇಕವು ತಾನಾಗಿ ಬಾರದು, ಅದನ್ನು ಕಲಿಸಬೇಕಾಗುತ್ತದೆ.

ನಾವು ಕಳುಹಿಸುವ ಪತ್ರವಾಗಲಿ ಚಿತ್ರವಾಗಲಿ ಸಣ್ಣ ಸಣ್ಣ ಕಟ್ಟುಗಳಾಗಿ ಒಡೆದು ಜಾಲದಲ್ಲಿ ಸಾಗುತ್ತದೆ. ಕೂಡುದಾರಿಗಳಲ್ಲಿ ರೂಟರೆಂಬ ಯಂತ್ರವು ಕುಳಿತು, ಪ್ರತಿಯೊಂದು ಕಟ್ಟನ್ನೂ ಮುಂದಿನ ದಾರಿಗೆ ತಿರುಗಿಸುತ್ತದೆ. ಯಾವ ದಾರಿಗೆ ಎಂಬುದೇ ಪ್ರಶ್ನೆ. 1988ರಲ್ಲಿ ಬರೆಹಕ್ಕಿಳಿದ ‘ರಿಪ್’ ಎಂಬ ನಿಯಮವು ವಾಡಿಕೆಯಲ್ಲಿ ಮಜಲುಗಳನ್ನು ಮಾತ್ರ ಎಣಿಸುತ್ತದೆ. ಹದಿನೈದು ಮಜಲಿನವರೆಗೆ ಅದರ ಲೆಕ್ಕ; ಹದಿನಾರಾದರೆ ಆ ಊರಿಗೆ ದಾರಿಯೇ ಇಲ್ಲವೆಂದು ಭಾವಿಸುತ್ತದೆ.

ಇದರ ಫಲವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ರಾಂಪುರದಿಂದ ಬಳ್ಳಾರಿಗೆ ಸೆಕೆಂಡಿಗೆ 64 ಸಾವಿರ ಬಿಟ್ಟುಗಳನ್ನು ಸಾಗಿಸುವ ಒಂದು ನೇರ ತಂತಿಯಿದೆಯೆನ್ನಿ. ಚಳ್ಳಕೆರೆ, ಚಿತ್ರದುರ್ಗಗಳ ಮೇಲಾಗಿ ಬಳ್ಳಾರಿಗೆ ಮೂರು ಮಜಲಿನ ಬಳಸುದಾರಿ. ಅದರ ಒಂದೊಂದು ಕೊಂಡಿಯೂ ಸೆಕೆಂಡಿಗೆ ಒಂದು ಕೋಟಿ ಬಿಟ್ಟುಗಳನ್ನು ಸಾಗಿಸಬಲ್ಲದು. ರೋಗಿಯ ಎದೆಯ ಎಕ್ಸ್‌ರೇ ಚಿತ್ರವನ್ನು ಬಳ್ಳಾರಿಯ ವೈದ್ಯರಿಗೆ ಕಳುಹಿಸಬೇಕಾಗಿದೆ; ಅದರ ಗಾತ್ರ 80 ಲಕ್ಷ ಬಿಟ್ಟು. ಮಜಲನ್ನೆಣಿಸುವ ಯಂತ್ರವು ನೇರ ತಂತಿಯನ್ನೇ ಹಿಡಿಯುವುದು. ಚಿತ್ರ ಮುಟ್ಟಲು 125 ಸೆಕೆಂಡು ಬೇಕು. ಬಳಸುದಾರಿಯಲ್ಲಾದರೋ, ಪ್ರತಿ ಮಜಲಿನಲ್ಲಿಯೂ ಇಡೀ ಚಿತ್ರವನ್ನು ಇಳಿಸಿ ಏರಿಸಿದರೂ 2.4 ಸೆಕೆಂಡಿಗೆ ಮಿಗದು. ಹತ್ತು ಮಂದಿಯ ಚಿತ್ರಗಳು ಸಾಲಿನಲ್ಲಿದ್ದರೆ ಕಡೆಯವನು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಯಬೇಕು. ಉಬ್ಬಸದಿಂದ ಬಳಲುವವನಿಗೆ ಅದು ಅಲ್ಪಕಾಲವೇ?

ಆದುದರಿಂದ ಪ್ರತಿಯೊಂದು ಕೊಂಡಿಗೂ ಒಂದು ವೆಚ್ಚವನ್ನು ಗೊತ್ತುಮಾಡಿ, ಒಟ್ಟು ವೆಚ್ಚ ಕಡಮೆಯಾದ ದಾರಿಯನ್ನು ಹಿಡಿಯುವುದೇ ಯುಕ್ತ. ಅಂಥ ದಾರಿಯನ್ನು ಕಂಡುಹಿಡಿಯುವ ಗಣಿತವನ್ನು ಹಾಲೆಂಡಿನ ಡೈಕ್‌ಸ್ಟ್ರ ಎಂಬ ವಿದ್ವಾಂಸರು 1956ರಲ್ಲಿ ಆಮ್‌ಸ್ಟರ್‌ಡಾಮಿನ ಕಾಫಿ ಅಂಗಡಿಯೊಂದರಲ್ಲಿ ಕುಳಿತು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಯೋಚಿಸಿ, 1959ರಲ್ಲಿ ಪ್ರಕಟಿಸಿದರು. ‘ಒಎಸ್‌ಪಿಎಫ್’ ಎಂಬ ನಿಯಮವು ಈ ಗಣಿತವನ್ನೇ ಅವಲಂಬಿಸಿದೆ. ಪ್ರಚಾರದಲ್ಲಿರುವ ಒಂದು ಪದ್ಧತಿಯಂತೆ, ಹತ್ತು ಕೋಟಿಯನ್ನು ಕೊಂಡಿಯ ವೇಗದಿಂದ ಭಾಗಿಸಿದರೆ ವೆಚ್ಚ ಬರುತ್ತದೆ. ನಮ್ಮ ನೇರ ತಂತಿಗೆ 1562. ಬಳಸುದಾರಿಗೆ ಹತ್ತರಂತೆ ಮೂರು ಸೇರಿ 30.

ಇಷ್ಟಕ್ಕೇ ನಿಶ್ಚಿಂತರಾಗಲಾಗದು. ಅದೇ ಪದ್ಧತಿಯಲ್ಲಿ ಹತ್ತು ಕೋಟಿಯ ಕೊಂಡಿಗೂ ನೂರು ಕೋಟಿಯ ಕೊಂಡಿಗೂ ವೆಚ್ಚ ಒಂದೇ ಒಂದು. ತಿದ್ದದಿದ್ದರೆ ಕಾಲುದಾರಿಗೂ ರಾಜಮಾರ್ಗಕ್ಕೂ ಭೇದವಿಲ್ಲದಾಗುತ್ತದೆ. ಹಾಗೆಂದು ಕ್ಷಣಕ್ಷಣಕ್ಕೂ ವೆಚ್ಚವನ್ನು ಬದಲಿಸುವುದೂ ಕೇಡೇ. ಅಮೆರಿಕದ ಅರ್ಪಾನೆಟ್ ಜಾಲದಲ್ಲಿ 1979ರಿಂದ, ಅಳೆದ ವಿಳಂಬವನ್ನೇ ವೆಚ್ಚವಾಗಿ ಹಿಡಿದರು. ಜಾಲದಲ್ಲಿ ಸಂಚಾರ ಹೆಚ್ಚಿದಾಗ, ಖಾಲಿಯಿದ್ದ ದಾರಿಗೆ ಎಲ್ಲ ಕಟ್ಟುಗಳೂ ಒಟ್ಟಿಗೆ ನುಗ್ಗಿ ಅದನ್ನು ಕಟ್ಟಿಹಾಕಿದವು; ಮರುಗಳಿಗೆ ಹಳೆಯ ದಾರಿಗೇ ಹಿಂದಿರುಗಿದವು. 1987ರಲ್ಲಿ ವೆಚ್ಚದ ಏರಿಳಿತಕ್ಕೆ ಮಿತಿಯಿಟ್ಟ ಮೇಲೆ ಈ ತೂಗಾಟ ತಗ್ಗಿತು.

ನಮ್ಮ ನಾಡು ಈ ವಿದ್ಯೆಗೆ ಹೊಸದಲ್ಲ. 1986ರಲ್ಲಿ ಆರಂಭವಾದ ಎರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿತ್ತು. ಅದೇ ಸಂಸ್ಥೆಯ ಎರಡನೆಯ ಆವರಣವು ಈಗ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಪಡಿತರ, ಪಿಂಚಣಿ, ಪರೀಕ್ಷೆಯ ಅರ್ಜಿಗಳೆಲ್ಲ ತಂತಿಯ ಮೇಲೆಯೇ ಸಾಗುವ ಈ ಕಾಲದಲ್ಲಿ, ಹಳ್ಳಿಗೆ ತಂತಿ ಬಂದಿತೆಂದ ಮಾತ್ರಕ್ಕೆ ನಾವು ತೃಪ್ತರಾಗತಕ್ಕದ್ದಲ್ಲ. ಆ ತಂತಿಯ ವೇಗವೆಷ್ಟು, ಅದು ಕಡಿದರೆ ಬೇರೆ ದಾರಿಯುಂಟೆ, ಅದರ ವೆಚ್ಚವನ್ನು ತಿಳಿದವರು ಬರೆದಿದ್ದಾರೆಯೆ ಎಂದು ಕೇಳುವುದು ಗೃಹಸ್ಥರ ಹಕ್ಕು. ಯಂತ್ರವು ಕೊಟ್ಟ ಅಂಕಿಯನ್ನು ಕೂಡಿಸುತ್ತದೆಯೇ ಹೊರತು, ಆ ಅಂಕಿ ನಿಜವೆ ಎಂದು ವಿಚಾರಿಸದು. ಆ ವಿಚಾರವು ಮನುಷ್ಯನಿಗೇ ಸೇರಿದ್ದು.