ಒಂದೇ ಗೂಟ, ದಿನಕ್ಕೊಂದು ದಿಕ್ಕು

ಮಕ್ಕಳೇ, ಗೂಟಕ್ಕೆ ಕಟ್ಟಿದ ಕರು ಮೇಯುವುದನ್ನು ನೋಡಿದ್ದೀರಲ್ಲ? ಹಗ್ಗ ಎಷ್ಟು ಉದ್ದವೋ ಅಷ್ಟು ದೂರ ಹೋಗುತ್ತದೆ. ಒಂದು ಹೊತ್ತು ಈ ಬದಿ, ಇನ್ನೊಂದು ಹೊತ್ತು ಆ ಬದಿ ಮೇದು, ಕೊನೆಗೆ ಗೂಟದ ಹತ್ತಿರವೇ ಮಲಗುತ್ತದೆ. ಪ್ರವಾಸವನ್ನೂ ಹೀಗೆ ಮಾಡಬಹುದು. ಊರಿಂದ ಊರಿಗೆ ಗಂಟುಮೂಟೆ ಹೊರುವುದು ಬೇಡ. ಒಂದೇ ಊರಿನಲ್ಲಿ ಉಳಿದುಕೊಂಡು, ಬೆಳಗ್ಗೆ ಹೋಗಿ ಸಂಜೆಗೆ ಬಂದುಬಿಡುವುದು.

ಇಟಲಿಯ ಕಡಲ ದಂಡೆಯಲ್ಲಿ ಚಿಂಕ್ವೆ ತೆರ್ರೆ ಎಂಬ ಸೀಮೆಯಿದೆ. ‘ಐದು ನೆಲ’ ಎಂದು ಅದರ ಅರ್ಥ. ಬೆಟ್ಟಕ್ಕೂ ಕಡಲಿಗೂ ನಡುವೆ ಐದು ಪುಟ್ಟ ಹಳ್ಳಿಗಳು. ಅಲ್ಲಿಗೆ ಹೋಗುವ ಬಹಳ ಮಂದಿ ಒಂದು ಹಳ್ಳಿಯಲ್ಲಿ ಕೋಣೆ ಹಿಡಿದು, ಉಳಿದವನ್ನು ರೈಲಿನಲ್ಲಿ ಹೋಗಿ ನೋಡಿ ಬರುತ್ತಾರೆ. ಐದರಲ್ಲಿ ಕೊರ್ನಿಲ್ಯ ಎಂಬ ಹಳ್ಳಿ ಮಾತ್ರ ಗುಡ್ಡದ ಮೇಲಿದೆ. ರೈಲು ಇಳಿದು ಅಲ್ಲಿಗೆ ನಡೆದು ಹೋಗಬೇಕಾದರೆ ಸುಮಾರು 380 ಮೆಟ್ಟಿಲು! ಹಿರಿಯರನ್ನು ಕರೆದುಕೊಂಡು ಹೋಗುವವರು ಮೊದಲು ವಿಚಾರಿಸಬೇಕಾದದ್ದು ಈ ಮೆಟ್ಟಿಲಿನ ಲೆಕ್ಕವನ್ನೇ.

ನಮ್ಮ ಗೂಟ ಭೇರ್ಯದಲ್ಲಿರಲಿ. ಇಲ್ಲಿ ಕಡಲಿಲ್ಲ, ಆದರೆ ಕಾವೇರಿ ದೂರವಿಲ್ಲ. ಕೃಷ್ಣರಾಜನಗರದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲೇ ಊರು ಇರುವುದರಿಂದ ಎರಡೂ ಕಡೆಗೆ ಬಸ್ಸಿದೆ. ದಸರಾ ರಜೆಗೆ ತಾತ-ಅಜ್ಜಿಯ ಮನೆಗೆ ಬಂದವರಿಗೆ ನಾಲ್ಕು ದಿನದ ಲೆಕ್ಕ ಹೀಗಿದೆ.

ಮೊದಲ ದಿನ ಹತ್ತಿರದ್ದು, ಸಾಲಿಗ್ರಾಮ. ಅರ್ಧ ದಿನ ಸಾಕು. ರಾಮಾನುಜಾಚಾರ್ಯರು ಸುಮಾರು 900 ವರ್ಷಗಳ ಹಿಂದೆ ಇಲ್ಲಿ ತಂಗಿದ್ದರೆಂದು ಹೇಳುತ್ತಾರೆ. ಶ್ರೀಪಾದ ತೀರ್ಥದ ಕೊಳವನ್ನೂ ನರಸಿಂಹನ ಗುಡಿಯನ್ನೂ ನೋಡಿ. ಆಚಾರ್ಯರ ಶಿಷ್ಯ ವಡುಗನಂಬಿ ಈ ಊರಿನವನೇ ಎಂಬ ನಂಬಿಕೆಯಿದೆ. ಗುರುಗಳಿಗೆ ಹಾಲು ಕಾಯಿಸುತ್ತಿದ್ದಾಗ, ಬೀದಿಯಲ್ಲಿ ದೇವರ ಉತ್ಸವ ಬಂದಿದೆ, ಬಾ ನೋಡು ಎಂದು ಅವನನ್ನು ಕರೆದರಂತೆ. ನಿಮ್ಮ ದೇವರನ್ನು ನೋಡಲು ನಾನು ಬಂದರೆ ನನ್ನ ದೇವರ ಹಾಲು ಉಕ್ಕಿಹೋಗುತ್ತದಲ್ಲ ಎಂದು ಅವನು ಒಲೆ ಬಿಟ್ಟು ಏಳಲಿಲ್ಲವಂತೆ.

ಎರಡನೆಯ ದಿನ ಚುಂಚನಕಟ್ಟೆ. ಕಾವೇರಿ ಇಲ್ಲಿ ಸುಮಾರು 60 ಅಡಿ ಧುಮುಕುತ್ತಾಳೆ. ಪಕ್ಕದಲ್ಲೇ ಕೋದಂಡರಾಮನ ಗುಡಿ. ಸಾಮಾನ್ಯವಾಗಿ ಸೀತೆ ರಾಮನ ಎಡಕ್ಕೆ ನಿಂತಿರುತ್ತಾಳೆ, ಇಲ್ಲಿ ಬಲಕ್ಕಿದ್ದಾಳೆ. ಯಾಕೆಂದು ಅಜ್ಜಿಯನ್ನು ಕೇಳಿ. ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ದೊಡ್ಡ ದನಗಳ ಜಾತ್ರೆಯೂ ಸೇರುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಭೇರ್ಯದಲ್ಲಿ ಬಿಸಿಲು ಕಾಯುತ್ತಿದ್ದರೂ ಕೊಡಗಿನಲ್ಲಿ ಮಳೆ ಸುರಿದರೆ, ಮೇಲಿನ ಹಾರಂಗಿಯಿಂದ ನೀರು ಬಿಟ್ಟರೆ, ಇಲ್ಲಿ ಹೊಳೆ ಏರುತ್ತದೆ. ಒಣಗಿದ ಹಾಗೆ ಕಾಣುವ ಬಂಡೆಯ ಮೇಲೂ ಪಾಚಿ ಇರುತ್ತದೆ. ಆದ್ದರಿಂದ ಧುಮುಕುವ ನೀರನ್ನು ದೂರದಿಂದ ನೋಡಿ. ಫೋಟೊಗಾಗಿ ಬಂಡೆ ಇಳಿಯಬೇಡಿ. ಈಜು ಬಲ್ಲವರಿಗೂ ಇದೇ ಮಾತು. ಊರಿನವರು ಬೇಡವೆಂದರೆ ಮರುಮಾತಿಲ್ಲದೆ ಹಿಂದೆ ಬನ್ನಿ.

ಮೂರನೆಯ ದಿನ ರೈಲು. ಕೃಷ್ಣರಾಜನಗರದವರೆಗೆ ಬಸ್ಸು, ಅಲ್ಲಿಂದ ಮೈಸೂರಿಗೆ ರೈಲು. ಸಾಗರಕಟ್ಟೆಯ ಬಳಿ ಸೇತುವೆಯ ಎರಡೂ ಬದಿಗೆ ಕಾಣುವುದು ಕನ್ನಂಬಾಡಿ ಕಟ್ಟೆಯ ಹಿನ್ನೀರು. ನಿನ್ನೆ ಚುಂಚನಕಟ್ಟೆಯಲ್ಲಿ ಧುಮುಕಿದ ಕಾವೇರಿ ಇಲ್ಲಿಗೆ ಬಂದು ನಿಂತಿದ್ದಾಳೆ ಎಂದು ಮೊಮ್ಮಕ್ಕಳಿಗೆ ತೋರಿಸಿ. 1911ರಲ್ಲಿ ಶುರುವಾದ ಆ ಕಟ್ಟೆಗೆ ಸಿಮೆಂಟಿನ ಬದಲು ಸುಣ್ಣ-ಸುರ್ಕಿಯ ಗಾರೆ ಬಳಸಿದರು. ತುಂಬಿದಾಗ ನೀರಿನ ಮಟ್ಟ 124.80 ಅಡಿ. ಪತ್ರಿಕೆಯಲ್ಲಿ ತಾತ ದಿನವೂ ಹುಡುಕಿ ಓದುವ ಅಂಕಿ ಇದೇ! ಮೈಸೂರಿನಲ್ಲಿ ನಿಲ್ದಾಣದ ಹತ್ತಿರವೇ ರೈಲು ವಸ್ತುಸಂಗ್ರಹಾಲಯವಿದೆ, 1979ರದ್ದು. ಹೆಚ್ಚು ನಡೆಯಬೇಕಿಲ್ಲ. ಮೃಗಾಲಯವನ್ನೂ ನೋಡುವುದಾದರೆ ನೆನಪಿರಲಿ, ಅದಕ್ಕೆ ಮಂಗಳವಾರ ರಜೆ.

ನಾಲ್ಕನೆಯ ದಿನ ಮನೆಯಲ್ಲೇ. ಇದೂ ಪ್ರವಾಸದ ಒಂದು ಭಾಗ. ಕಾಲಿಗೆ ಬಿಡುವು ಬೇಕು, ಬಟ್ಟೆ ಒಗೆಯಬೇಕು, ಕಂಡದ್ದನ್ನು ಕೂತು ಮಾತಾಡಬೇಕು. ಇನ್ನೂ ರಜೆ ಉಳಿದಿದ್ದರೆ ಶ್ರವಣಬೆಳಗೊಳವಿದೆ, ಬೆಟ್ಟದಪುರವಿದೆ. ಆದರೆ ವಿಂಧ್ಯಗಿರಿಗೆ ಸುಮಾರು 650 ಮೆಟ್ಟಿಲು. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಗುಡಿಗೆ ಮೂರು ಸಾವಿರಕ್ಕೂ ಹೆಚ್ಚು. ಮೆಟ್ಟಿಲೇ ಬೇಡ ಎನ್ನುವವರಿಗೆ ಬೈಲಕುಪ್ಪೆಯ ಟಿಬೆಟನ್ನರ ಚಿನ್ನದ ಗುಡಿ ಒಳ್ಳೆಯದು.

ಈಗ ದೊಡ್ಡವರಿಗೆ ಎರಡು ಮಾತು. ಪ್ರವಾಸದ ಸುದ್ದಿ ಬಂದ ಕೂಡಲೇ ತಾತ ಹೇಳುವುದು ಒಂದೇ: “ನೀವು ಹೋಗಿ ಬನ್ನಿ, ನಾನು ಮನೆ ನೋಡ್ಕೋತೀನಿ.” ಆ ಮಾತಿನಲ್ಲಿ ಆಸೆ ಇಲ್ಲದಿರುವುದು ಕಡಿಮೆ, ನನ್ನಿಂದ ನಿಮಗೆ ತೊಂದರೆಯಾದೀತು ಎಂಬ ಅಳುಕು ಹೆಚ್ಚು. ಬರಲ್ಲ ಅಂದರು ಎಂದು ಬಿಟ್ಟು ಹೋಗುವ ಮುಂಚೆ, ಅವರು ಬರುವಂಥ ದಾರಿ ಹುಡುಕಿದೆವಾ ಎಂದು ಕೇಳಿಕೊಳ್ಳಿ. ಮೆಟ್ಟಿಲು ಎಷ್ಟು, ನೆರಳು ಎಲ್ಲಿ, ಶೌಚಾಲಯ ಎಲ್ಲಿ ಎಂಬ ಮೂರು ಪ್ರಶ್ನೆಗೆ ಮೊದಲೇ ಉತ್ತರ ಸಿಕ್ಕಿದರೆ ಅರ್ಧ ಅಳುಕು ಹೋಗುತ್ತದೆ. ಬೆಟ್ಟದಲ್ಲಿ ಹತ್ತುವವರು ಹತ್ತಲಿ, ಕೂರುವವರು ಕೆಳಗೆ ಕೂರಲಿ. ಆದರೆ ಒಬ್ಬರನ್ನೇ ಕೂರಿಸಬೇಡಿ, ಇಷ್ಟು ಗಂಟೆಗೆ ಇಳಿಯುತ್ತೇವೆ ಎಂದು ಹೇಳಿ ಹೋಗಿ.

ಖರ್ಚಿಗೂ ಹೆದರಬೇಕಿಲ್ಲ. 2023ರ ಜೂನ್‌ನಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳು ಉಚಿತ. 60 ದಾಟಿದ ತಾತನಿಗೆ ಟಿಕೆಟ್ಟಿನಲ್ಲಿ ಕಾಲು ಭಾಗ ರಿಯಾಯಿತಿ. 6 ದಾಟಿದ ಹುಡುಗರಿಗೆ 12ರವರೆಗೆ ಅರ್ಧ ಟಿಕೆಟ್ಟು. ಆಧಾರ್ ಚೀಟಿ ಜೇಬಿನಲ್ಲಿರಲಿ. ಬಸ್ಸಿಳಿದ ಕೂಡಲೇ ಗುಡಿಯ ಬಾಗಿಲಿಗಿಂತ ಮೊದಲು ವಿಚಾರಿಸಬೇಕಾದದ್ದು ಮರಳುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು. ಅದಕ್ಕಿಂತ ಒಂದು ಬಸ್ಸು ಮುಂಚೆಯೇ ಹೊರಡಿ. ಹಳ್ಳಿ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಆದ್ದರಿಂದ ಬೆಳಗ್ಗೆ ಬೇಗ ಏಳಿ. ಬುತ್ತಿಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಇದ್ದರೆ ಸಂಜೆವರೆಗೂ ಕೆಡುವುದಿಲ್ಲ. ತಾತನ ಮಾತ್ರೆಯ ಡಬ್ಬಿ, ಕುಡಿಯುವ ನೀರು ಮೊಮ್ಮಕ್ಕಳ ಚೀಲದಲ್ಲಿರಲಿ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ತಾತ-ಅಜ್ಜಿಯ ಊರಿನ ಹೆಸರನ್ನು ಹಾಳೆಯ ನಡುವೆ ಬರೆಯಿರಿ. ನಾಲ್ಕು ದಿಕ್ಕಿಗೆ ನಾಲ್ಕು ಗೆರೆ ಎಳೆಯಿರಿ. ಒಂದೊಂದು ಗೆರೆಯ ತುದಿಗೆ ಒಂದೊಂದು ಊರು ಬರೆದು, ಬಸ್ಸಿನ ಹೊತ್ತು, ಮೆಟ್ಟಿಲಿನ ಲೆಕ್ಕ ಗುರುತು ಹಾಕಿಕೊಳ್ಳಿ. ಮೊದಲು ಯಾವ ಊರಿಗೆ ಹೋಗಬೇಕು ಎಂಬುದನ್ನು ಮಾತ್ರ ಅಜ್ಜಿಯೇ ಹೇಳಲಿ. ಅವರು ನೋಡಬೇಕೆಂದುಕೊಂಡು ಇನ್ನೂ ನೋಡದ ಊರು ಒಂದಾದರೂ ಇದ್ದೇ ಇರುತ್ತದೆ.