ಸ್ವಿಂಗ್ ಸಂಕಲನಗಳೂ ಕರ್ತೃಲೋಪವೂ

ಅಮೆರಿಕೆಯ ಸ್ವಿಂಗ್ ವಾದ್ಯವೃಂದಗಳ ಹಳೆಯ ಧ್ವನಿಮುದ್ರಣಗಳನ್ನು ಆಯ್ದು, ಹತ್ತು ಹನ್ನೆರಡನ್ನು ಒಂದೇ ವಿನೈಲ್ ತಟ್ಟೆಯಲ್ಲಿ ಅಡಕಮಾಡಿ, ನರ್ತಿಸುವ ತರುಣ ತರುಣಿಯರ ಚಿತ್ರವನ್ನು ಹೊದಿಕೆಯ ಮೇಲೆ ಅಚ್ಚುಹಾಕಿ ಮಾರುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಈ ಸಂಗೀತವು ಮೊದಲು ಹೊರಬಿದ್ದುದು ನಿಮಿಷಕ್ಕೆ 78 ಸುತ್ತು ತಿರುಗುವ, ಪಕ್ಕಕ್ಕೆ ಸುಮಾರು 3 ನಿಮಿಷದ ವಾದನ ಮಾತ್ರ ಹಿಡಿಯುವ, ಕೈ ಜಾರಿದರೆ ಒಡೆಯುವ ತಟ್ಟೆಗಳಲ್ಲಿ. 1948ರಲ್ಲಿ ದೀರ್ಘವಾದನದ ತಟ್ಟೆ ಬಂದಮೇಲೆ ಅವುಗಳಲ್ಲಿ ಅನೇಕವು ಪುನರ್ಜನ್ಮ ಪಡೆದವು. ಸಂಕಲನಕಾರರಿಂದಾದ ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯೇ ಸರಿ. ಆದರೆ ಉಪಕಾರವು ಅನ್ಯಾಯಕ್ಕೆ ರಹದಾರಿಯಾಗಲಾರದು.

ಆ ಅನ್ಯಾಯವಾದರೂ ಯಾವುದು? ಅಗ್ಗದ ಸಂಕಲನಗಳ ಹೊದಿಕೆಯನ್ನು ತಿರುವಿ ನೋಡಿದರೆ ಅದು ತಾನಾಗಿ ತಿಳಿಯುತ್ತದೆ. ಬೆನ್ನಿ ಗುಡ್‌ಮನ್, ಗ್ಲೆನ್ ಮಿಲ್ಲರ್, ಟಾಮಿ ಡಾರ್ಸಿ, ಆರ್ಟಿ ಷಾ ಎಂದು ವೃಂದನಾಯಕರ ಹೆಸರುಗಳು ದಪ್ಪಕ್ಷರಗಳಲ್ಲಿ ಮೆರೆಯುತ್ತವೆ. ಹಾಡನ್ನು ರಚಿಸಿದವನ ಹೆಸರು ಕಿರಿಯಕ್ಷರದಲ್ಲಿ ಮೂಲೆ ಹಿಡಿದಿರುತ್ತದೆ. ವೃಂದಕ್ಕಾಗಿ ಆ ಹಾಡನ್ನು ಸಂಯೋಜಿಸಿದವನ ಹೆಸರೋ, ಇಲ್ಲವೇ ಇಲ್ಲ! ಮುದ್ರಣದ ದಿನವಿಲ್ಲ, ಸ್ಥಳವಿಲ್ಲ, ನಡುವೆ ಒಂಟಿಯಾಗಿ ನುಡಿಸಿದವರು ಯಾರೆಂಬುದರ ಸುಳಿವೂ ಇಲ್ಲ.

ಹದಿನಾಲ್ಕು ಹದಿನೈದು ಮಂದಿ ಕೂಡಿ ನುಡಿಸುವ ಬಿಗ್ ಬ್ಯಾಂಡಿನಲ್ಲಿ ವಾದ್ಯಸಂಯೋಜಕನ ಕೆಲಸ ಎಂಥದೆಂಬುದನ್ನು ಅರಿತವರಿಗೆ ಈ ಲೋಪದ ಗಾತ್ರ ಹೊಳೆಯದಿರದು. ಟ್ರಂಪೆಟ್ ಟ್ರಾಂಬೋನುಗಳ ಪಂಕ್ತಿ ಒಂದು ಮಾತನ್ನೆತ್ತಿದರೆ ಸ್ಯಾಕ್ಸಫೋನುಗಳ ಪಂಕ್ತಿ ಅದಕ್ಕೆ ಮರುನುಡಿಯುವ ಚೆಲುವು ಆಕಸ್ಮಿಕವಾದುದಲ್ಲ. ಯಾರು ಎಲ್ಲಿ ನುಡಿಯಬೇಕು, ಎಲ್ಲಿ ಸುಮ್ಮನಿರಬೇಕು, ಒಂಟಿ ವಾದಕನಿಗೆ ಎಷ್ಟು ಎಡೆ ಬಿಡಬೇಕು ಎಂಬುದನ್ನೆಲ್ಲ ಒಬ್ಬನು ಮೊದಲೇ ಕಾಗದದ ಮೇಲೆ ಬರೆದಿಟ್ಟಿರುತ್ತಾನೆ. ಆ ಒಬ್ಬನನ್ನೇ ಸಂಕಲನಗಳು ಮರೆತಿವೆ.

ಫ್ಲೆಚರ್ ಹೆಂಡರ್ಸನ್ನನ ಕಥೆಯೊಂದೇ ಇದಕ್ಕೆ ಸಾಕಷ್ಟು ಸಾಕ್ಷಿ. ಕಪ್ಪು ಜನಾಂಗದ ಈ ವಾದಕನು 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಡಾನ್ ರೆಡ್‌ಮನ್ನನ ಸಹಾಯದಿಂದ ಈ ಪಂಕ್ತಿಸಂವಾದದ ಶೈಲಿಯನ್ನು ರೂಢಿಸಿದನು. 1924ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗನು ಸೇರಿದ್ದುದು ಇವನ ವೃಂದವನ್ನೇ. ಹಣದ ಮುಗ್ಗಟ್ಟಿಗೆ ಸಿಕ್ಕಿದ ಹೆಂಡರ್ಸನ್ನನು 1934ರ ಕೊನೆಯಿಂದ ತನ್ನ ಸಂಯೋಜನೆಗಳನ್ನು ಗುಡ್‌ಮನ್ನನಿಗೆ ಮಾರತೊಡಗಿದನು. ಜೆಲ್ಲಿ ರೋಲ್ ಮಾರ್ಟನ್ ರಚಿಸಿದ 'ಕಿಂಗ್ ಪೋರ್ಟರ್ ಸ್ಟಾಂಪ್' ಹೆಂಡರ್ಸನ್ನನ ಸಂಯೋಜನೆಯಲ್ಲಿಯೇ 1935ರ ಜುಲೈಯಲ್ಲಿ ಗುಡ್‌ಮನ್ನನ ವೃಂದದಿಂದ ಮುದ್ರಿತವಾಯಿತು. ಅದೇ ವರ್ಷದ ಆಗಸ್ಟ್ 21ರಂದು ಲಾಸ್ ಏಂಜಲೀಸಿನ ಪಾಲೊಮಾರ್ ನರ್ತನಶಾಲೆಯಲ್ಲಿ ಜನ ಉಬ್ಬೆದ್ದು ಕೇಳಿದುದು ಇಂಥ ಸಂಯೋಜನೆಗಳನ್ನು. 'ಸ್ವಿಂಗಿನ ರಾಜ'ನೆಂಬ ಬಿರುದು ಗುಡ್‌ಮನ್ನನಿಗೆ ಸಂದಿತು. ಹೆಂಡರ್ಸನ್ನನು 1952ರಲ್ಲಿ ತೀರಿಕೊಂಡನು. ಗುಡ್‌ಮನ್ನನು ಈ ಋಣವನ್ನು ಎಂದೂ ಮುಚ್ಚಿಡಲಿಲ್ಲವೆಂಬುದನ್ನು ಹೇಳುವುದು ನ್ಯಾಯ. ಪಡೆದವನೇ ಒಪ್ಪಿಕೊಂಡ ಸಾಲವನ್ನು ಹೊದಿಕೆ ಬರೆಯುವವರು ಅಳಿಸಿಹಾಕುವುದೇಕೆ?

ಕವಿರಾಜಮಾರ್ಗವು ನೃಪತುಂಗನದೋ ಶ್ರೀವಿಜಯನದೋ ಎಂದು ಕನ್ನಡ ವಿದ್ವಾಂಸರು ಹಲವು ಕಾಲ ವಾದಿಸಿದರು. ಅರಸನ ಹೆಸರು ದೊಡ್ಡದೆಂಬ ಕಾರಣದಿಂದ ಕವಿಯ ಪಾಲನ್ನು ಅರಸನಿಗೆ ಕೊಟ್ಟು ಸುಮ್ಮನಾಗಬಾರದೆಂಬುದೇ ಆ ವಾದದ ತಿರುಳು. ಸಾವಿರ ವರ್ಷಕ್ಕೂ ಹಿಂದಿನ ಗ್ರಂಥಕ್ಕೆ ಸಲ್ಲುವ ಈ ಎಚ್ಚರವು ನೂರು ವರ್ಷವೂ ತುಂಬದ ಸಂಗೀತಕ್ಕೆ ಸಲ್ಲಬಾರದೇ?

ಹೆಂಡರ್ಸನ್ನನು ಒಬ್ಬನೇ ಅಲ್ಲ. ಷಾನಿಗೆ 1938ರಲ್ಲಿ ಕೀರ್ತಿ ತಂದ 'ಬಿಗಿನ್ ದಿ ಬಿಗೀನ್' ಜೆರ್ರಿ ಗ್ರೇ ಎಂಬ ಬಿಳಿಯನ ಸಂಯೋಜನೆ. ಡಾರ್ಸಿಯ ವೃಂದಕ್ಕೆ 1939ರಿಂದ ಹೊಸ ಕಸುವು ಕೊಟ್ಟವನು ಕಪ್ಪು ಜನಾಂಗದ ಸೈ ಆಲಿವರ್. ಗುಡ್‌ಮನ್ನನ 'ರೋಲ್ ಎಮ್' ಎಂಬುದನ್ನು ಬರೆದುಕೊಟ್ಟವಳು ಮೇರಿ ಲೂ ವಿಲಿಯಮ್ಸ್ ಎಂಬ ಸ್ತ್ರೀ. ಡ್ಯೂಕ್ ಎಲಿಂಗ್ಟನ್ನನ ಗುರುತಿನ ಹಾಡಾಗಿ 1941ರಲ್ಲಿ ಮುದ್ರಿತವಾದ 'ಟೇಕ್ ದಿ ಎ ಟ್ರೇನ್' ಬಿಲ್ಲಿ ಸ್ಟ್ರೇಹಾರ್ನನದು. ಆದುದರಿಂದ ಈ ಲೋಪವು ವರ್ಣಭೇದ ಒಂದರಿಂದಲೇ ಹುಟ್ಟಿದುದಲ್ಲ. ಆದರೆ ಅದರ ಪೆಟ್ಟು ಹೆಚ್ಚಾಗಿ ಬಿದ್ದುದು ಕಪ್ಪು ಜನಾಂಗದವರ ಮೇಲೆಯೇ.

ಕೇಳುವವನಿಗೆ ಬೇಕಾದುದು ಸಂತೋಷ, ಚರಿತ್ರೆಯಲ್ಲ ಎಂದು ವ್ಯಾಪಾರಿಗಳು ಆಕ್ಷೇಪಿಸುವುದುಂಟು. ನಾಲ್ಕು ಹೆಸರುಗಳನ್ನು ಅಚ್ಚುಮಾಡಿದ ಮಾತ್ರಕ್ಕೆ ಯಾರ ಸಂತೋಷ ಕುಂದಿತು? ವೃಂದವನ್ನು ತಿದ್ದಿ ನಡೆಸಿದವನು ನಾಯಕನಲ್ಲವೇ ಎಂದೂ ಕೇಳುತ್ತಾರೆ. ಹೌದು, ಅವನ ಶಿಸ್ತಿಗೆ ಅವನ ಹೆಸರು ಇದ್ದೇ ಇದೆ. ಇನ್ನೊಬ್ಬನ ಬರವಣಿಗೆಗೆ ಇನ್ನೊಬ್ಬನ ಹೆಸರಿರಲಿ ಎಂಬುದಷ್ಟೇ ಇಲ್ಲಿಯ ಬೇಡಿಕೆ.

ಹೆಸರಿನ ವಿಷಯದಲ್ಲಿ ತೋರಿದ ಈ ಅಲಕ್ಷ್ಯವು ನಾದವನ್ನೂ ಬಿಡಲಿಲ್ಲ. 1960ರ ದಶಕದಲ್ಲಿ ಒಂದೇ ಮೈಕಿನ ಮೊಗದಿಂದ ಬಂದ ಹಳೆಯ ಮುದ್ರಣಗಳ ತಾರಧ್ವನಿಯನ್ನು ಒಂದು ಕಡೆಗೂ ಮಂದ್ರಧ್ವನಿಯನ್ನು ಮತ್ತೊಂದು ಕಡೆಗೂ ತಳ್ಳಿ, ಕೃತಕವಾದ ಮಾರ್ದನಿಯನ್ನು ಬೆರೆಸಿ, 'ಸ್ಟೀರಿಯೊ' ಎಂದು ಮಾರಿದರು. ಹಳೆಯ ವಿಗ್ರಹಕ್ಕೆ ಬಣ್ಣ ಬಳಿದು ಹೊಸದೆಂದು ತೋರಿಸಿದಂತಾಯಿತು.

ಹಾಗಾದರೆ ಸಂಕಲನವೇ ಬೇಡವೇ? ಬೇಕು, ಆದರೆ ಬಗೆ ಬೇರೆಯಾಗಬೇಕು. ಇದೇ ಹೆಂಡರ್ಸನ್ನನ ಮುದ್ರಣಗಳನ್ನು 1961ರಲ್ಲಿ ಕೊಲಂಬಿಯಾ ಸಂಸ್ಥೆಯವರು 4 ತಟ್ಟೆಗಳಲ್ಲಿ ಸಂಕಲಿಸಿ, ಆತನ ಹೆಸರಿನಲ್ಲಿಯೇ ಹೊರತಂದರು. ಆಶಾಭಂಗದ ಅಧ್ಯಯನವೆಂಬರ್ಥದ ಅದರ ಹೆಸರೇ ಒಂದು ತಪ್ಪೊಪ್ಪಿಗೆಯಂತಿದೆ. ಸಂಕಲನವು ಮರೆವಿಗೆ ದಾರಿಯಾಗುವಂತೆ ನೆನಪಿಗೂ ದಾರಿಯಾಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಈಗ ವಿನೈಲ್ ತಟ್ಟೆಗಳಿಗೆ ಮತ್ತೆ ಗಿರಾಕಿಗಳು ಹುಟ್ಟಿದ್ದಾರೆ. ಕೊಳ್ಳುವವರು ಕೊಳ್ಳುವ ಮುನ್ನ ಹೊದಿಕೆಯ ಬೆನ್ನನ್ನೊಮ್ಮೆ ಓದಲಿ. ಸಂಯೋಜಕನ ಹೆಸರಿಲ್ಲದಿದ್ದರೆ ಏಕಿಲ್ಲವೆಂದು ಅಂಗಡಿಯವನನ್ನು ಕೇಳಲಿ. ಸತ್ತವರು ಕೂಲಿಯನ್ನು ಕೇಳಲಾರರು. ಅವರ ಹೆಸರನ್ನಾದರೂ ಅವರಿಗೆ ಹಿಂದಿರುಗಿಸುವುದು ಬದುಕಿ ಕೇಳುವವರ ಧರ್ಮ.